ನಿನ್ನ ಬಾಯಿಗೆ ನೀರು ಬಿಟ್ಟವನು

ಅಪ್ಪಾ,

ನಿನ್ನ ಕೈಯಲ್ಲಿ ಕಲ್ಲುಕೆಲಸ ಕಲಿತ ಭೀಮಶ್ಯಾ ಇನ್ನೂ ಜೈಲಿನಲ್ಲಿರುವುದು ನನ್ನ ತಪ್ಪಿನಿಂದ. ನೀನು ಹೋದ ಮೇಲೆ ನಡೆದದ್ದು ನಿನಗೆ ಗೊತ್ತಿರಲಾರದು. ನೀನು ತೀರಿಕೊಂಡ ಸಂಜೆಯೇ ಅವನು ಶಹಾಬಾದಿನ ಖಣಿಯ ಮುಂದೆ ಭಾಷಣ ಮಾಡಿ ಕೂಲಿಗಳನ್ನು ದಂಗೆಗೆ ಎಬ್ಬಿಸಿದನೆಂದು ಪೊಲೀಸರು ಬರೆದು, ವಿಚಾರಣೆಯಿಲ್ಲದೆ ಒಳಗೆ ಹಾಕಿದರು. ಅವನನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ, ಹಿಡಿದಿಟ್ಟ ಕಾರಣ ಹೇಳಿ ಎಂದು ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದೆವು. ವಜಾ ಆಯಿತು.

ಅವನಿಗೆ ನೀನು ಉಳಿ ಹಿಡಿಯಲು ಕಲಿಸಿದ ದಿನ ನೆನಪಿದೆಯೇ? ನಾನು ಪಕ್ಕದಲ್ಲೇ ಕರಪತ್ರ ಓದುತ್ತ ಕೂತಿದ್ದೆ. "ನಮ್ಮಾಂವ ಬಾಯಿಲೇ ಕಲ್ಲು ಒಡೀತಾನ. ನೀ ಕೈಲೇ ಒಡಿ, ತಮ್ಮಾ" ಎಂದು ನನ್ನತ್ತ ಕೈ ತೋರಿಸಿ ನೀನು ಅವನ ಬೆನ್ನು ತಟ್ಟಿದೆ. ಎಲ್ಲರೂ ನಕ್ಕರು. ನನ್ನ ಬೆನ್ನನ್ನು ಎಂದಾದರೂ ಹಾಗೆ...

ಆ ಕೊನೆಯ ಸಂಜೆ ನಾನು ಸೇಡಂನ ಸಭೆಯಲ್ಲಿ ಗಂಟಲು ಹರಿಯುವಂತೆ ಕೂಗುತ್ತಿದ್ದೆ. ವಾಡಿಯ ಮನೆಯಲ್ಲಿ ನಿನ್ನ ತಲೆ ಅವನ ತೊಡೆಯ ಮೇಲಿತ್ತು. ಮಗ ಬಿಡಬೇಕಾದ ನೀರನ್ನು ನಿನ್ನ ಬಾಯಿಗೆ ಅವನು ಬಿಟ್ಟ. ಅದನ್ನು ನಾನು ಯಾರಿಗೂ ಹೇಳಲಿಲ್ಲ. ಅವ್ವನ ಬಾಯಿಯನ್ನೂ ಮುಚ್ಚಿಸಿದೆ.

ಅರ್ಜಿ ಹಾಕುವ ಮೊದಲು ಜೈಲಿಗೆ ಹೋದಾಗ ಜಾಲರಿಯ ಆಚೆಯಿಂದ ಅವನೇ ಅಂದ: "ಆ ಸಂಜಿಗೆ ನಿಮ್ಮಪ್ಪನ ಹಂತ್ಯಾಕ ಕೂತಿದ್ದೆ ಅಂತ ಬರೀಬೇಕೋ ಬ್ಯಾಡೋ ನೀನೇ ನೋಡು. ನಿನಗ ಭಾಳ ಬ್ಯಾಸರ ಆಗ್ತದಂದ್ರ ಬ್ಯಾಡ." ಆ ದೊಡ್ಡತನ ನನ್ನನ್ನು ಇನ್ನಷ್ಟು ಸುಟ್ಟಿತು. ಅದೂ ಅವನಿಗೇ ಇರಬೇಕೇ? ವಕೀಲರಿಗೆ ಸಂಗತಿ ಬರೆದುಕೊಡುವ ಕೆಲಸ ನನ್ನದು. ಮನುಷ್ಯನ ಸ್ವಾತಂತ್ರ್ಯದ ಮೇಲೆ ಮೂರು ಹಾಳೆ ಬರೆದೆ. ಆ ಸಂಜೆ ಅವನು ಎಲ್ಲಿದ್ದ ಎಂಬ ಒಂದು ಸಾಲು ಬರೆಯಲಿಲ್ಲ. ಅವನು ಬೇರೆಡೆ ಇದ್ದನೆಂದು ಅರ್ಜಿಯೇ ಹೇಳುತ್ತಿಲ್ಲವಲ್ಲ, ಎಂದಿತು ತೀರ್ಪು.

ತೀರ್ಪನ್ನು ಓದಿ ಹೇಳಿದಾಗ ಅವ್ವ ಬೀಸುವುದನ್ನು ನಿಲ್ಲಿಸಿದಳು. "ಸತ್ತವನ ಬಾಯಾಗಿನ ನೀರಿಗೂ ಹೊಟ್ಟಿಕಿಚ್ಚೇನೋ, ಹುಚ್ಚಪ್ಯಾಲಿ? ನಡಿ, ನಾನೇ ಬಂದು ಹೇಳ್ತೀನಿ."

ಈಗ ಮೇಲ್ಮನವಿ ಹಾಕುತ್ತಿದ್ದೇವೆ. ಅವ್ವನ ಪ್ರಮಾಣಪತ್ರದ ಮೊದಲ ಸಾಲನ್ನು ನಾನೇ ಬರೆದೆ: ನನ್ನ ಗಂಡನ ಬಾಯಿಗೆ ಕೊನೆಯ ನೀರು ಬಿಟ್ಟವನು ಭೀಮಶ್ಯಾ. ಹೊಟ್ಟೆಕಿಚ್ಚು ಹೋಯಿತೆಂದು ನಿನಗೆ ಸುಳ್ಳು ಹೇಳಲಾರೆ. ಹೋಗಿಲ್ಲ. ಆದರೂ ಬರೆದೆ, ಅಪ್ಪಾ.

ಒಮ್ಮೆ ನನ್ನ ಬೆನ್ನನ್ನೂ ತಟ್ಟಬೇಕು ಅನಿಸಿದರೆ ಬಾ. ಆ ಪತ್ರಕ್ಕೆ ಪ್ರಮಾಣ ಮಾಡಿಸಲು ಅವ್ವನ ಜೊತೆ ಚಿತ್ತಾಪುರದ ಕೋರ್ಟಿನ ಬಾಗಿಲಲ್ಲಿ ನಿಂತಿರುತ್ತೇನೆ, ಸೋಮವಾರ ಮುಂಜಾನೆ ಹತ್ತೂವರೆಗೆ.