ದೊರೆಯ ಪೆಟ್ಟಿಗೆಯಲ್ಲಿದ್ದ ಹೆಂಗಸು

ಪ್ರೀತಿಯ ಎತೆಲ್ಕಾ ಅಕ್ಕ,

ಈ ಊರಿಗೆ ಬಂದು ಮೂರು ವಾರವಾಯಿತು. ಹಗಲೆಲ್ಲ ಚರ್ಚಿನ ನೆಲಮಾಳಿಗೆಯ ಹಳೆಯ ಗೋರಿಗಳಲ್ಲಿ ಎಲುಬು ಅಳೆಯುತ್ತೇನೆ, ಸಂಜೆ ಒಬ್ಬಳೇ ಮೀನಿನ ಸಾರು ಉಂಡು ಮಲಗುತ್ತೇನೆ. ಮಾತಿಗೆ ಸಿಗುವವರು ಚರ್ಚು ಗುಡಿಸುವ ರೊಜಾಲಿಯಾ ಅಜ್ಜಿ ಒಬ್ಬರೇ.

ಕೊನೆಗೂ ದೊರೆ ಸಿಕ್ಕ. ಆದರೆ ಅವನ ಹೆಸರು ಕೆತ್ತಿದ ಕಲ್ಲುಪೆಟ್ಟಿಗೆಯಲ್ಲಲ್ಲ, ಗೋಡೆಯ ಬುಡದ ಎಲುಬುರಾಶಿಯಲ್ಲಿ. ಕುದುರೆಯಿಂದ ಬಿದ್ದು ಎಡತೊಡೆ ಮುರಿದುಕೊಂಡಿದ್ದನೆಂದು ಹಳೆಯ ಪತ್ರಗಳಲ್ಲಿದೆ. ಆ ಮೂಳೆ ಎರಡು ಬೆರಳು ಗಿಡ್ಡವಾಗಿ ಕೂಡಿಕೊಂಡಿದೆ. ಅವನ ಅಣ್ಣನ ಎಲುಬಿನೊಂದಿಗೆ ಡಿಎನ್‌ಎ ಕೂಡ ಹೊಂದಿತು. ಪೆಟ್ಟಿಗೆಯಲ್ಲಿದ್ದದ್ದು ಐವತ್ತು ದಾಟಿದ ಹೆಂಗಸು. ಯಾರೋ ಗೊತ್ತಿಲ್ಲ.

ಹೇಳಿದಾಗ ಅಜ್ಜಿ ಪೊರಕೆ ಹಿಡಿದೇ ಕೂತುಬಿಟ್ಟರು. "ಮೂವತ್ತು ವರ್ಷ ದೊರೆ ಹತ್ರ ಕಷ್ಟಸುಖ ಹೇಳ್ಕೊಂಡೆನಲ್ಲೇ! ಕೇಳಿಸ್ಕೊಂಡೋಳು ಇವಳಾ?"

"ಇವಳ ಮಂಡಿ ಸವೆದಿದೆ ಅಜ್ಜಿ, ನಿಮ್ಮ ಹಾಗೇ," ಎಂದೆ.

"ನೆಲ ಒರೆಸಿದೋಳೇ ಇರ್ಬೇಕು ಬಿಡು. ಗಂಡಸಾಗಿದ್ರೆ ಇಷ್ಟು ವರ್ಷ ಸುಮ್ನೆ ಕೇಳ್ತಿದ್ನಾ?"

ನಾಳೆ ದೊರೆಯ ಮರುಸಮಾಧಿಗೆ ಬ್ಯಾಂಡು, ಬಿಷಪ್ಪರು, ಮೆರವಣಿಗೆ. ಇವಳನ್ನು ರಟ್ಟಿನ ಡಬ್ಬದಲ್ಲಿ ಉಗ್ರಾಣಕ್ಕೆ ಕಳಿಸಿ ಎಂದಿದ್ದರು ಮೇಲಿನವರು. ಅಜ್ಜಿ ಎಲ್ಲರೊಡನೆ ಜಗಳವಾಡಿ, ಗಂಡನ ಸಮಾಧಿಯ ಪಕ್ಕ ತಮಗೆಂದು ಇಟ್ಟುಕೊಂಡಿದ್ದ ಜಾಗದಲ್ಲೇ ಇವಳಿಗೂ ಪಾಲು ಕೊಟ್ಟಿದ್ದಾರೆ.

ಕೆಮ್ಮು ಕಡಿಮೆಯಾಗಿದೆ, ಉಣ್ಣೆಯ ಕಾಲುಚೀಲ ಕಳಿಸಬೇಡ. ಶನಿವಾರದ ಡೆಬ್ರೆಟ್ಸೆನ್ ರೈಲಿಗೆ ಕಾಯಬೇಡ, ನಾನು ಬರುವುದಿಲ್ಲ. ಭಾನುವಾರ ಇವಳನ್ನು ಮಣ್ಣು ಮಾಡಬೇಕು. ಬೇರೆ ಯಾರೂ ಬರುವವರಿಲ್ಲ. "ನೀನೂ ಹೋಗ್ಬಿಟ್ರೆ ಇವಳ ಪೆಟ್ಟಿಗೆಯ ಆ ತುದಿ ಯಾರೇ ಹಿಡೀತಾರೆ?" ಎಂದು ಕೇಳಿದರು ಅಜ್ಜಿ.

ನಿನ್ನ ಪಿರೋಶ್ಕಾ