ನಾಲ್ಕನೇ ಮೈಕು

ಜೂನ್ 2, ಭಾನುವಾರ. ಬೆಳಿಗ್ಗೆ 7.10

ಚರ್ಚಿಗೆ ಇವತ್ತೂ ನಾನೇ ಮೊದಲು. ಪಾಸ್ಟರ್ ಕಾಲರ್ ಮೈಕಿಗೆ ಹೊಸ ಬ್ಯಾಟರಿ. ಮಿಕ್ಸರಿನ ಮೇಲಿನ ಚೀಟಿ ಮಾಸಿತ್ತು — ಹೊಸದು ಬರೆದು ಅಂಟಿಸಿದೆ. 1 ಪಾಸ್ಟರ್. 2 ಗಿಟಾರ್ ಹುಡುಗಿ. 3 ಕೀಬೋರ್ಡ್. 4 ಅಕ್ಕ.

ಅಕ್ಕ ಇಪ್ಪತ್ತೆರಡು ವರ್ಷದಿಂದ ಇಲ್ಲಿ ಮುಂದೆ ನಿಂತು ಹಾಡಿಸುವವಳು. ನಾನು ಒಂಬತ್ತು ವರ್ಷದಿಂದ ಹಿಂದೆ ಕೂತು ಸೌಂಡ್ ನೋಡುವವಳು.

ಮಧ್ಯಾಹ್ನ

ಎರಡನೇ ಹಾಡಿನ ಮೇಲಿನ ಸ್ವರದಲ್ಲಿ ಅಕ್ಕ ಜಾರಿದಳು. ಮೂರನೆಯದರಲ್ಲೂ. ಕೀಬೋರ್ಡಿನವನು ತಿರುಗಿ ನನ್ನನ್ನೇ ನೋಡಿದ, ತಪ್ಪು ನನ್ನದೇ ಎಂಬಂತೆ. ಕೂಟ ಮುಗಿದ ಮೇಲೆ ಕೇಬಲ್ ಬದಲಿಸಿ ನೋಡಿದೆ. ಮೈಕನ್ನೂ ಬದಲಿಸಿದೆ. ಎರಡೂ ಸರಿಯಾಗಿಯೇ ಇವೆ.

ಜೂನ್ 9, ಭಾನುವಾರ

ಪಾಸ್ಟರ್ ನನ್ನ ಮೇಜಿನ ಹತ್ತಿರ ಬಂದರು. ಎಂದೂ ಬರುವವರಲ್ಲ.

“ನಿಮ್ಮಕ್ಕನ ಮೈಕು ಹಾಲಿನ ಸ್ಪೀಕರಲ್ಲಿ ಮಾತ್ರ ಸ್ವಲ್ಪ ಕಮ್ಮಿ ಇಡೋಕಾಗುತ್ತಾಮ್ಮ? ಅವರ ಕಾಲ ಹತ್ರದ ಸ್ಪೀಕರಲ್ಲಿ ಹಾಗೇ ಇರ್ಲಿ. ಅವರಿಗೆ ಗೊತ್ತಾಗೋದು ಬೇಡ.”

“ನೀವೇ ಅವಳಿಗೆ ಹೇಳಬಹುದಲ್ಲ ಪಾಸ್ಟರ್?”

“ನೀವು ಹೇಳ್ತೀರಾ?”

ಅಮ್ಮ ಹೋದಾಗ ನನಗೆ ಆರು, ಅವಳಿಗೆ ಹದಿನೇಳು. ಹಾಡು ಹೇಳಿ ಮಲಗಿಸಿದವಳಿಗೆ ಯಾವ ಬಾಯಲ್ಲಿ ಹೇಳಲಿ?

ಜೂನ್ 16, ಭಾನುವಾರ

ಇಳಿಸಿದೆ. ಒಂದು ಬೆರಳಿನ ಕೆಲಸ. ಹಾಲಿನಲ್ಲಿ ಕೇಳಿದ್ದೆಲ್ಲ ಜೊತೆಗೆ ಹಾಡುವ ಗಿಟಾರ್ ಹುಡುಗಿಯ ಧ್ವನಿ. ಅಕ್ಕನಿಗೆ ಕೇಳಿದ್ದು ಮಾತ್ರ ತನ್ನದೇ.

ಬಾಗಿಲಲ್ಲಿ ಯಾರೋ ಅಜ್ಜಿ ಅವಳ ಕೈ ಹಿಡಿದು, “ಇವತ್ತು ಎಷ್ಟು ಚೆನ್ನಾಗಿತ್ತು ಮಗಳೇ” ಎಂದರು. ಅಕ್ಕನ ಮುಖ ಅರಳಿತು. ಬಸ್ಸಿನಲ್ಲಿ ನನಗೆ — “ಗಂಟಲು ಸಲೀಸಾಗಿತ್ತು ಕಣೇ ಇವತ್ತು.” ಹೂಂ ಅಂದೆ. ಒಡಹುಟ್ಟಿದವಳ ಕಿವಿಯ ಮೇಲೇ ಹೂವಿಟ್ಟೆ. ಆದರೂ ಅವಳು ಖುಷಿಯಾಗಿದ್ದಳು... ಹಾಗಾದರೆ ಇದು ಒಳ್ಳೆಯದೋ ಕೆಟ್ಟದ್ದೋ?

ಜುಲೈ 28, ಭಾನುವಾರ

ಏಳು ಭಾನುವಾರ ಆಯಿತು. ಬರೆಯಲು ಕೂತರೆ ಪೆನ್ನು ಓಡುವುದಿಲ್ಲ. ಎಲ್ಲರೂ ಸಂತೋಷವಾಗಿದ್ದಾರೆ. ನನಗೊಬ್ಬಳಿಗೇ ಏನಾಗಿದೆ?

ಜುಲೈ 31, ಬುಧವಾರ

ಸಂಗೀತದ ಟೀಚರ್ ತೀರಿಕೊಂಡರು. ಅಕ್ಕನಿಗೆ ಹಾಡು ಕಲಿಸಿದವರು. ಅವರ ಮಗಳು ಮನೆಗೆ ಬಂದಿದ್ದಳು: “ಅಮ್ಮ ಹೇಳಿಹೋಗಿದ್ದಾರೆ ಅಕ್ಕಾ. ಚರ್ಚಲ್ಲಿ ಅವರ ಅಂತ್ಯಕ್ರಿಯೆಗೆ ನೀವೊಬ್ಬರೇ ಹಾಡಬೇಕಂತೆ. ಗಿಟಾರ್ ಕೀಬೋರ್ಡ್ ಏನೂ ಬೇಡವಂತೆ.”

ಅಕ್ಕ ತಲೆಯಾಡಿಸಿದಳು. ಅಡುಗೆಮನೆಯಲ್ಲಿದ್ದ ನಾನು ಒಲೆ ಆರಿಸಿದೆ. ಮರೆಮಾಡಲು ಇನ್ನೊಂದು ಧ್ವನಿಯೇ ಇರುವುದಿಲ್ಲ.

ಆಗಸ್ಟ್ 2, ಶುಕ್ರವಾರ

ಟೀಚರ ಅಂತ್ಯಕ್ರಿಯೆ. ಅಕ್ಕನ ಮೈಕು ಪೂರ್ತಿ ಬಿಟ್ಟೆ. ಇನ್ನೇನು ಮಾಡಲಿ?

ಧ್ವನಿ ಮೂರು ಕಡೆ ಒಡೆಯಿತು. ಮೇಲಿನ ಸಾಲು ಹತ್ತಲೇ ಇಲ್ಲ. ನಿಂತಳು. ಉಸಿರೆಳೆದುಕೊಂಡಳು. ಅದೇ ಸಾಲನ್ನು ಕೆಳಗಿನಿಂದ ಹಾಡಿ ಮುಗಿಸಿದಳು. ಹಿಂದಿನ ಬೆಂಚಿನಲ್ಲಿ ಇಬ್ಬರು ಮುಖ ಮುಖ ನೋಡಿಕೊಂಡರು. ಮುಂದಿನ ಸಾಲಿನಲ್ಲಿ ಅಳು. ಟೀಚರಿಗಾಗಿಯೋ, ಅಕ್ಕನಿಗಾಗಿಯೋ, ತಿಳಿಯಲಿಲ್ಲ.

ಜನ ಹೋದ ಮೇಲೆ ಕೇಬಲ್ ಸುತ್ತುತ್ತಿದ್ದೆ. ಅಕ್ಕ ಬಂದಳು.

“ಇವತ್ತು ಪೂರ್ತಿ ಬಿಟ್ಟಿದ್ದೆ, ಅಲ್ವಾ?”

ಕೈ ನಿಂತಿತು. “ಏನು?”

“ಆ ಹಿಂದಿನ ಗೋಡೆಯಿಂದ ನನ್ನ ಧ್ವನಿ ವಾಪಸ್ ಬಂತು ಕಣೇ. ತುಂಬಾ ದಿನ ಆಗಿತ್ತು.”

“ಅಕ್ಕಾ... ನಿಂಗೆ ಗೊತ್ತಿತ್ತಾ?”

“ಇಪ್ಪತ್ತೆರಡು ವರ್ಷ ಹಾಡಿದೀನಿ ಈ ಹಾಲಲ್ಲಿ. ಗೊತ್ತಾಗಲ್ವಾ?”

“ಮತ್ತೆ ಯಾಕೆ ಸುಮ್ನಿದ್ದೆ?”

“ನೀನೇ ಹೇಳ್ತೀಯೇನೋ ಅಂತ ಕಾಯ್ತಿದ್ದೆ.”

ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಕೇಬಲಿನ ಇನ್ನೊಂದು ತುದಿ ಹಿಡಿದು ತಾನೂ ಸುತ್ತತೊಡಗಿದಳು. ಕೊನೆಗೆ ನಾನೇ ಕೇಳಿದೆ — “ಭಾನುವಾರ ಹೇಗಿಡ್ಲಿ?”

“ಸೌಂಡ್ ನೋಡ್ಕೊಳ್ಳೋಳು ನೀನೋ ನಾನೋ?”

ಕೋಪವೋ ತಮಾಷೆಯೋ. ದಾರಿಯುದ್ದಕ್ಕೂ ಅವಳ ಮುಖ ನೋಡಿದೆ. ಗೊತ್ತಾಗಲಿಲ್ಲ.

ಆಗಸ್ಟ್ 4, ಭಾನುವಾರ. ಬೆಳಿಗ್ಗೆ 8.55, ಮಿಕ್ಸರ್ ಮೇಜು

ವೇದಿಕೆ ಹತ್ತಿದೆ. ಒಂಬತ್ತು ವರ್ಷದಲ್ಲಿ ಮೈಕು ಸರಿಮಾಡಲು ಬಿಟ್ಟರೆ ಹತ್ತಿದವಳಲ್ಲ.

“ಅಕ್ಕಾ, ಮೇಲಿನ ಸ್ವರ ನಿಂಗೆ ಹತ್ತುತ್ತಿಲ್ಲ. ಶ್ರುತಿ ಇಳಿಸಿಕೊಂಡು ಹಾಡು.”

ಹೇಳಿಬಿಟ್ಟೆ. ಗಿಟಾರ್ ಹುಡುಗಿ ನೆಲ ನೋಡಿದಳು. ಅಕ್ಕನ ಕಣ್ಣು ತುಂಬಿತು. ಒರೆಸಿಕೊಂಡು, “ಇಷ್ಟು ಹೇಳೋಕೆ ಏಳು ವಾರ ಬೇಕಾಯ್ತಾ ನಿಂಗೆ?” ಎಂದಳು. ಕೀಬೋರ್ಡಿನವನ ಕಡೆ ತಿರುಗಿದಳು. “ಶ್ರುತಿ ಎರಡು ಮೆಟ್ಟಿಲು ಇಳಿಸಪ್ಪಾ.”

“ಈಗಾ? ಇನ್ನು ಹತ್ತು ನಿಮಿಷ ಇಲ್ಲ!”

“ಇಳಿಸಪ್ಪಾ.”

8.58

ಪಾಸ್ಟರ್ ಬಂದು ಬಗ್ಗಿ ಕೇಳಿದರು. “ಎಂದಿನ ಹಾಗೇ ತಾನೇ?”

“ಇಲ್ಲ ಪಾಸ್ಟರ್. ಪೂರ್ತಿ.”

ಅವರು ಹೋಗಿ ಕೂತರು. ಸರಿ ಮಾಡಿದೆನೋ, ತುಂಬಿದ ಸಭೆಯಲ್ಲಿ ಅವಳ ಮಾನ ತೆಗೆಯಲಿದ್ದೇನೋ...

9.04

ಶುರು. ಬಲಗೈ ಮಿಕ್ಸರಿನ ಮೇಲೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಕೋಳಿ ಕಾಲಿನ ಅಕ್ಷರ. ಮೊದಲ ಸಾಲು ಸರಿಹೋಯಿತು. ಎರಡನೆಯದರಲ್ಲಿ ಸ್ವಲ್ಪ ನಡುಕ. ಅಕ್ಕ ನನ್ನ ಕಡೆ ನೋಡುತ್ತಿದ್ದಾಳೆ. ಈಗ ಮೇಲಿನ ಸ್ವರ —