ಎಳೆದು ನೋಡಿದ ಕ್ಲಿಪ್ಪು

ಅಕ್ಕಾ, ಕೊನೆಗೂ ನನ್ನ ಹೃದಯದ ಸೋರೋ ಕವಾಟಕ್ಕೆ ಕ್ಲಿಪ್ಪು ಹಾಕಿದ್ರು. ಎದೆ ಕೊಯ್ಯಲಿಲ್ಲ, ತೊಡೆಯ ರಕ್ತನಾಳದಿಂದಲೇ ಒಳಗೆ ಕಳಿಸಿದ್ರು. ಮಾದರಿ ತೋರಿಸಿದ್ರು, ಬಟ್ಟೆ ಕ್ಲಿಪ್ಪಿನ ಮೊಮ್ಮಗು ಇದ್ದಂಗಿದೆ. ಮೊದಲ ಸಲ ಲಾಕ್ ಮಾಡಿದಾಗ ಇನ್ನೂ ಸೋರ್ತಿತ್ತಂತೆ. ಬಿಚ್ಚಿ, ಒಂಚೂರು ಸರಿಸಿ, ಮತ್ತೆ ಲಾಕ್ ಮಾಡಿ, ಕೈಬಿಡೋ ಮುಂಚೆ ಮೆಲ್ಲಗೆ ಎಳೆದು ನೋಡಿದ್ರಂತೆ.

"ನಮ್ಮಕ್ಕನೂ ಬೀಗ ಹಾಕಿ, ಬೀದಿ ತುದಿಯಿಂದ ವಾಪಸ್ ಬಂದು ಜಗ್ಗಿ ನೋಡ್ತಾಳೆ ಡಾಕ್ಟ್ರೇ, ನಾವೆಲ್ಲ ನಗ್ತೀವಿ" ಅಂದೆ.

"ಇನ್ಮೇಲೆ ನಗಬೇಡಿ" ಅಂದ್ರು.

ನಿನ್ನೆ ದಿಂಬು ಪೇರಿಸದೆ ಮಲಗಿದೆ, ಉಸಿರು ಕಟ್ಟಲಿಲ್ಲ. ನನ್ನ ಬೀಗ ಭದ್ರವಾಗಿದೆ. ನೀನೂ ಇವತ್ತು ನಿಂದನ್ನ ಒಂದೇ ಸಲ ಎಳೆದು, ನೆಮ್ಮದಿಯಾಗಿ ಮಲಕ್ಕೋ. ಇಗೋ, ನರ್ಸಮ್ಮ ಕೂಗ್ತಿದ್ದಾರೆ: "ಕ್ಲಿಪ್ಪಣ್ಣ, ಪೆನ್ನು ಇಟ್ಟು ಬನ್ನಿ, ಊಟ ಆರ್ತಿದೆ."

ನಿನ್ನ ತಮ್ಮ